ಗಂಟು ಹಾಕಿದ ಪಾರ್ಸಲ್ ದಾರ

ಮುನಿರ್ಕಾ, ದೆಹಲಿ
12-6-2005

ಪ್ರೀತಿಯ ಸೀತಕ್ಕಾ,

ನಿನ್ನ ತಮ್ಮ ಜಗನ್ನಾಥನ ನಮಸ್ಕಾರ. ಮೊಣಕಾಲು ಹೇಗಿದೆ? ಎಣ್ಣೆ ತಿಕ್ಕುತ್ತಿದ್ದೀಯೋ, ಇಲ್ಲ ಬಾಟಲಿಯನ್ನು ಕಪಾಟಿನಲ್ಲಿಟ್ಟು ನೋಡುತ್ತಿದ್ದೀಯೋ? ಕಾರ್ಕಳದಲ್ಲಿ ಮಳೆ ಹಿಡಿದಿದೆ ಎಂದು ನಿನ್ನನ್ನು ನೋಡಿಕೊಳ್ಳುತ್ತಿರುವ ನನ್ನ ಮಗಳು ಧನ್ಯಾ ಫೋನಿನಲ್ಲಿ ಹೇಳಿದಳು. ಇಲ್ಲಿ ನಲ್ಲಿಯ ನೀರೇ ಕಾಫಿಗಾಗುವಷ್ಟು ಬಿಸಿ.

ಹೋಟೆಲಿನ ಹಳೇ ವ್ಯಾನು ದಿನಕ್ಕೊಮ್ಮೆ ಮುನಿಸಿಕೊಳ್ಳುತ್ತಿದೆ. ಭಾನುವಾರದ ಊಟದ ಆರ್ಡರಿಗೂ ಆಗಬೇಕು, ಮನೆಮಂದಿಗೂ ಆಗಬೇಕು ಎಂದು ಹೊಸದನ್ನು ಹುಡುಕುತ್ತಿದ್ದೇವೆ. ರೋಹಿತನಿಗೆ ಎತ್ತರದ ಡೀಸೆಲ್ ಗಾಡಿಯ ಮೇಲೆ ಕಣ್ಣು. "ಅಪ್ಪಾ, ಒಳಗೆ ಕೂತರೆ ಇಡೀ ರಿಂಗ್ ರೋಡ್ ನಮ್ಮದೇ ಅನ್ಸುತ್ತೆ" ಎನ್ನುತ್ತಾನೆ. ಇನ್ನೊಂದು, ಬಾಗಿಲು ಪಕ್ಕಕ್ಕೆ ಸರಿಯುವ ಗಿಡ್ಡ ವ್ಯಾನು. ನಮ್ಮ ಮೊಮ್ಮಗ ಸುಮಿತ್ ಅದನ್ನು ನೋಡಿದವನೇ "ಅಜ್ಜಾ, ಯೇ ತೋ ಸ್ಕೂಲ್ ವ್ಯಾನ್ ಹೈ!" ಎಂದು ಮುಖ ತಿರುಗಿಸಿದ. ನನಗೋ ಎರಡರ ಮೇಲೂ ಕುತೂಹಲ. ಗಿಡ್ಡದರ ಇಂಜಿನ್ ಎಲ್ಲಿ ಎಂದು ಕೇಳಿದರೆ ಡ್ರೈವರ್ ಸೀಟಿನಡಿ ತೋರಿಸಿದರು. ಕೈಯಿಟ್ಟೂ ನೋಡಿದೆ. ನಲವತ್ತು ವರ್ಷ ಒಲೆಯ ಮುಂದೆ ನಿಂತವನಿಗೆ ಆ ಬಿಸಿ ಯಾವ ಲೆಕ್ಕ!

ಗಾಡಿ ಕುಲುಕುತ್ತದೆಯೇ ಎಂದು ಕೇಳಿದ್ದಕ್ಕೆ ಶೋರೂಮಿನ ಹುಡುಗಿ "ಅಂಕಲ್‌ಜೀ, ಪಾನಿ ಭೀ ನಹೀ ಛಲ್ಕೇಗಾ" ಎಂದಳು. ನೀರೂ ತುಳುಕದು ಎಂಬ ಆ ಮಾತನ್ನೇ ಹಿಡಿದು ನಿನ್ನೆ ಇಡ್ಲಿ ಹಿಟ್ಟಿನ ದೊಡ್ಡ ಪಾತ್ರೆಯನ್ನೇ ಒಯ್ದು ಗಿಡ್ಡ ವ್ಯಾನಿನಲ್ಲಿಟ್ಟೆ. ಆದರೆ ಓಡಿಸಿ ನೋಡುವ ಮೊದಲು ರೋಹಿತನ ಲೈಸೆನ್ಸಿನ ಕಾಪಿ, ಚಹಾ, ಸಹಿ ಎಂದು ಗಾಡಿ ಬಿಸಿಲಿನಲ್ಲೇ ಎರಡು ಗಂಟೆ ನಿಂತಿತು. ಇಷ್ಟು ವರ್ಷ ಹಿಟ್ಟು ರುಬ್ಬಿಸಿದ ನಾನು ಜೂನ್ ತಿಂಗಳನ್ನೇ ಮರೆತಿದ್ದೆ ನೋಡು! ಬಾಗಿಲು ಸರಿಸಿದರೆ ಹಿಟ್ಟು ಮುಚ್ಚಳವನ್ನು ಎತ್ತಿಕೊಂಡು ಹೊರಗೆ ಬಂದು ಸೀಟಿನಡಿ ಹರಿಯುತ್ತಿದೆ. "ಯೇ ಕ್ಯಾ ಹೈ?" ಎಂದು ಹುಡುಗಿ ಬೆಚ್ಚಿದಳು. "ಇಡ್ಲಿ" ಎಂದೆ. ಇನ್ನೇನು ಹೇಳಲಿ?

ನಾನೇ ಒರೆಸಿದೆ. ಬಕೆಟ್ಟಿಗಾಗಿ ಹತ್ತು ಸಲ ಹತ್ತಿ ಇಳಿದಿರಬೇಕು, ನನ್ನ ಕಾಲು ಒಮ್ಮೆಯೂ ತಕರಾರು ಮಾಡಲಿಲ್ಲ. ಹನ್ನೊಂದನೆಯ ಸಲಕ್ಕೆ ಒದ್ದೆ ಬಟ್ಟೆ ಹಿಡಿದು ಹಾಗೇ ನಿಂತುಬಿಟ್ಟೆ. ಇಲ್ಲಿನ ರೋಹಿಣಿ ಬಡಾವಣೆಯಲ್ಲಿ ನಡೆದ ಆ ಮದುವೆ ನೆನಪಾಯಿತು ಅಕ್ಕಾ. ಬಾಡಿಗೆಯ ಎತ್ತರದ ಗಾಡಿಗೆ ನಿನ್ನನ್ನು ಇಬ್ಬರು ಕಂಕುಳಿಗೆ ಕೈಕೊಟ್ಟು ಅಕ್ಕಿಮೂಟೆಯಂತೆ ಎತ್ತಿ ಹಾಕಿದರು. ಮಕ್ಕಳು ನಕ್ಕರು, ನೀನೂ ನಕ್ಕೆ. ಆಮೇಲೆ ದಾರಿಯುದ್ದಕ್ಕೂ ಕಿಟಕಿಯ ಕಡೆಯೇ ಮುಖ ಮಾಡಿದ್ದೆ. ಮರುವಾರ "ದೆಹಲಿ ಚಳಿ ನಂಗಾಗಲ್ಲ ಮಾರಾಯಾ" ಎಂದು ಊರಿಗೆ ಹೊರಟೆ. ಮೂವತ್ತು ವರ್ಷದ ಚಳಿಯಲ್ಲಿ ಬೆಳಗಿನ ನಾಲ್ಕಕ್ಕೆದ್ದು ನನ್ನ ಹೋಟೆಲಿನ ಚಟ್ನಿ ರುಬ್ಬಿದವಳು ನೀನು. ಕಾರಣ ಚಳಿಯಲ್ಲ ಎಂದು ನನಗೆ ಅಂದೇ ಗೊತ್ತಿತ್ತು, ಕೇಳುವ ಧೈರ್ಯವಿರಲಿಲ್ಲ.

ಸೊಸೆ ಪ್ರಜ್ಞಾ ನಿನ್ನ ಉಪ್ಪಿನಕಾಯಿಯ ಅಳತೆ ಕೇಳಿದ್ದಾಳೆ. ಎಲ್ಲರ ತಲೆಯ ಮೇಲೂ ನಿನ್ನ ಕೈಯಿರಲಿ.

ನಿನ್ನ ತಮ್ಮ,
ಜಗನ್ನಾಥ

ತಾ.ಕ.: ಲಕೋಟೆಯಲ್ಲಿರುವುದು ನಮ್ಮ ಪಾರ್ಸಲ್ ದಾರ, ಎಸೆಯಬೇಡ. ತುದಿಯನ್ನು ನೆಲಕ್ಕೆ ತಾಗಿಸಿ ಗೋಡೆಗೆ ಹಿಡಿ. ಕೆಳಗಿನ ಗಂಟು ಗಿಡ್ಡ ವ್ಯಾನಿನ ಮೆಟ್ಟಿಲಿನ ಎತ್ತರ, ಮೇಲಿನದು ರೋಹಿತನ ಗಾಡಿಯದು. ಯಾರನ್ನೂ ಹಿಡಿಯದೆ ಕಾಲು ಎಲ್ಲಿಯವರೆಗೆ ಏಳುತ್ತದೆ, ಬರೆ. ಎರಡಕ್ಕೂ ಎಟುಕದಿದ್ದರೆ ಇನ್ನೊಂದು ಮೆಟ್ಟಿಲು ಬೆಸುಗೆ ಹಾಕಿಸುತ್ತೇನೆ. ನಿನ್ನ ಕಾಗದ ಬರುವವರೆಗೆ ಯಾವ ಗಾಡಿಗೂ ಮುಂಗಡ ಕೊಡುವುದಿಲ್ಲ. ಬಲಗಾಲಿನಲ್ಲಿ ಅಳೆದು ಕಳಿಸಬೇಡ ಅಕ್ಕಾ, ನೋವಿರುವುದು ಎಡಗಾಲಿಗೆ.