ತಪ್ಪನ್ನು ತೋರಿಸಿಕೊಡುವ ಮದ್ದು

ಕಾಟನ್‌ವುಡ್ ಕ್ರೀಕ್, ಮೊಂಟಾನಾ
ಮಾರ್ಚ್ ೧, ೨೦೦೬

ಪ್ರೀತಿಯ ಮಾವನವರಿಗೆ,

ಮುಂದಿನ ಭಾನುವಾರ ನಿಮಗೆ ಎಂಬತ್ತೈದು ತುಂಬುತ್ತದೆ. ಎಲ್ಲರೂ ಒಂದೊಂದು ಹಾಳೆಯಲ್ಲಿ ನಿಮ್ಮ ನೆನಪೊಂದನ್ನು ಬರೆದು ಕಳಿಸಬೇಕೆಂದು ಈಗ ನಿಮ್ಮನ್ನು ತನ್ನ ಮನೆಯಲ್ಲಿ ನೋಡಿಕೊಳ್ಳುತ್ತಿರುವ ಮಗಳು ಥೆಲ್ಮಾ ಅಪ್ಪಣೆ ಮಾಡಿದ್ದಾಳೆ. ಕೇಕ್ ಕತ್ತರಿಸುವ ಮುಂಚೆ ಎಲ್ಲವನ್ನೂ ಗಟ್ಟಿಯಾಗಿ ಓದುತ್ತಾಳಂತೆ. ಆ ಹಾಳೆಯನ್ನೂ ಬರೆದಿಟ್ಟಿದ್ದೇನೆ. ನೀವು ಹಿಮದಲ್ಲಿ ಜಾರಿ ಹಂದಿ ದೊಡ್ಡಿಯೊಳಗೆ ಬಿದ್ದ ಕಥೆ, ಜನ ನಗುತ್ತಾರೆ. ಈ ಕಾಗದ ಮಾತ್ರ ನಿಮಗೊಬ್ಬರಿಗೆ.

ಮದುವೆಯಾಗಿ ಈ ಮನೆಗೆ ಬಂದಾಗ ನಾನು ಕೋವಿಯನ್ನು ಕೈಯಲ್ಲಿ ಹಿಡಿದವಳಲ್ಲ. ಬೇಕರಿಯವರ ಮಗಳು. ನಿಮ್ಮ ಕೊಟ್ಟಿಗೆಯ ಪಕ್ಕದ ಕೋಣೆಯಲ್ಲಿ ಹಿತ್ತಾಳೆಯ ಖಾಲಿ ತೋಟಾಗಳು ಸಾಲಾಗಿ ನಿಂತಿದ್ದು, ತಕ್ಕಡಿ, ಮದ್ದಿನ ಡಬ್ಬಿಗಳು, ಇವನ್ನೆಲ್ಲ ಮೊದಲ ದಿನ ನೋಡಿದಾಗ ನನಗೆ ಅನ್ನಿಸಿದ್ದು, ಓಹೋ, ಇದೂ ಒಂದು ಅಡುಗೆಮನೆ ಎಂದು. ಸುತ್ತಲ ಮೂವತ್ತು ಮೈಲಿಯ ಜನ ಸುಟ್ಟ ತೋಟಾಗಳನ್ನು ಕಾಫಿ ಡಬ್ಬಿಯಲ್ಲಿ ತುಂಬಿ ತಂದು ನಿಮ್ಮ ಮುಂದೆ ಇಡುತ್ತಿದ್ದರು. ಕಿಡಿ ಹೊತ್ತಿಸುವ ಹೊಸ ಕೇಪು, ಹೊಸ ಮದ್ದು, ಹೊಸ ಗುಂಡು ಹಾಕಿ ನೀವು ವಾಪಸು ಕೊಡುತ್ತಿದ್ದಿರಿ. "ಹಾಲ್ವರ್ ನೈಗಾರ್ಡ್ ತುಂಬಿದ್ದು" ಎಂದರೆ ಅಲ್ಲಿಗೆ ಮಾತು ಮುಗಿಯುತ್ತಿತ್ತು. ಯಾರೂ ಎರಡನೇ ಸಲ ಕೇಳುತ್ತಿರಲಿಲ್ಲ.

ಮದುವೆಯಾದ ವರ್ಷದ ನವೆಂಬರಿನಲ್ಲಿ ಅತಿಥಿಗಳು ಬರುತ್ತಾರೆಂದು ನಾನು ಆ ಕೋಣೆಯನ್ನೂ ಗುಡಿಸಲು ಹೋದೆ. ಮದ್ದು ಅಳೆಯುವ ಕೊಳವೆಯಲ್ಲಿ ನಾಲ್ಕಾರು ಚಮಚದಷ್ಟು ಬೂದುಬಣ್ಣದ ಪುಡಿ ಉಳಿದಿತ್ತು. ನಮ್ಮ ಅಮ್ಮನ ಮನೆಯಲ್ಲಿ ಅಳತೆಬಟ್ಟಲಲ್ಲಿ ಉಳಿದ ಹಿಟ್ಟನ್ನು ಎಂದೂ ಚೆಲ್ಲಿದವರಲ್ಲ, ಡಬ್ಬಿಗೇ ವಾಪಸು. ಪಕ್ಕದಲ್ಲೇ ಮುಚ್ಚಳ ಸಡಿಲವಾಗಿದ್ದ ಡಬ್ಬಿಯಿತ್ತು. ಸುರಿದೆ, ಮುಚ್ಚಿದೆ, ಬೆಂಚನ್ನು ಒದ್ದೆ ಬಟ್ಟೆಯಿಂದ ಒರೆಸಿ ಸಂತೋಷಪಟ್ಟೆ. ಕೊಳವೆಯಲ್ಲಿದ್ದದ್ದು ಪಿಸ್ತೂಲಿನ ಮದ್ದು, ಡಬ್ಬಿಯಲ್ಲಿದ್ದದ್ದು ರೈಫಲ್ಲಿನ ಮದ್ದು, ಎರಡೂ ಬೇರೆ ಎಂಬುದು ನನ್ನ ತಲೆಗೆ ಹೊಳೆಯಲೇ ಇಲ್ಲ. ನನ್ನ ಪಾಲಿಗೆ ಹಿಟ್ಟೆಂದರೆ ಹಿಟ್ಟು.

ಕಡವೆ ಬೇಟೆಯ ಕಾಲದ ಮೂರನೆಯ ಬೆಳಿಗ್ಗೆ ನಿಮ್ಮ ಮಗ ಆರ್ಲೋ, ನೀವು ಆ ಡಬ್ಬಿಯಿಂದಲೇ ತುಂಬಿಕೊಟ್ಟಿದ್ದ ತೋಟಾಗಳನ್ನು ಹಿಡಿದು, ಗುರಿ ಸರಿಮಾಡಿಕೊಳ್ಳಲೆಂದು ಹುಲ್ಲಿನ ಬಣವೆಯ ಕಡೆ ಹೋದ. ಮೊದಲ ಈಡಿನ ಸದ್ದು ಎಂದಿನಂತಿತ್ತು. ಎರಡನೆಯದು ಹಾಗಿರಲಿಲ್ಲ. ನಾನು ಹಿಟ್ಟಿನ ಕೈಯಲ್ಲೇ ಓಡಿದೆ. ನೀವು ಮದುವೆಗೆ ಕೊಟ್ಟ ರೈಫಲ್ ಸೀಳಿ ಬಿದ್ದಿತ್ತು. ಅವನ ಕೆನ್ನೆಯ ತುಂಬ ರಕ್ತ. ಪಟ್ಟಣದ ಡಾಕ್ಟರು ಎರಡು ತಾಸು ಕೂತು ಮರದ, ಕಬ್ಬಿಣದ ಚೂರುಗಳನ್ನು ಹೆಕ್ಕಿದರು. ಕಣ್ಣು ಉಳಿಯಿತು. ಬಲಗಿವಿ ಉಳಿಯಲಿಲ್ಲ.

ಮಧ್ಯಾಹ್ನ ನೀವು ಉಳಿದ ತೋಟಾಗಳನ್ನು ಬಿಚ್ಚಿ ನನ್ನ ಬಿಳಿ ತಟ್ಟೆಯ ಮೇಲೆ ಸುರಿದಿರಿ. ಸಣ್ಣ ಕಡ್ಡಿಗಳಂಥ ರೈಫಲ್ ಮದ್ದಿನ ನಡುವೆ ಪಿಸ್ತೂಲು ಮದ್ದಿನ ಚಪ್ಪಟೆ ಚಕ್ಕೆಗಳು. ನೀವು ಬೆರಳಿಂದ ಅವನ್ನು ಬೇರೆ ಮಾಡುತ್ತಿದ್ದಿರಿ. ನಾನು ಬಾಗಿಲಲ್ಲಿ ನಿಂತಿದ್ದೆ. ನೀವು ತಲೆಯೆತ್ತಿ ನನ್ನ ಮುಖ ನೋಡಿದಿರಿ, ಒರೆಸಿ ಥಳಥಳ ಮಾಡಿಟ್ಟಿದ್ದ ಬೆಂಚನ್ನು ನೋಡಿದಿರಿ. ನಾನು ಬಾಯಿ ಬಿಡುವ ಮೊದಲೇ ನಿಮಗೆ ಎಲ್ಲ ತಿಳಿದುಹೋಗಿತ್ತು.

"ಅವನಿಗೆ ಹೇಳ್ಬೇಡಮ್ಮ" ಎಂದಿರಿ. "ಉಳಿದ ಮದ್ದನ್ನ ಕೊಳವೇಲಿ ಬಿಟ್ಟು ಎದ್ದು ಹೋದೋನು ನಾನು. ಅರ್ಧ ತಪ್ಪು ನಂದೇ. ಇನ್ನರ್ಧಾನೂ ನಾನೇ ಇಟ್ಕೋತೀನಿ."

"ಮಾವ, ಅದು ಹೇಗೆ..."

"ನಿಮ್ಮ ಮದುವೆಯಾಗಿ ಎಂಟು ತಿಂಗಳು. ನಾನು ಅವನಪ್ಪ ಆಗಿ ಇಪ್ಪತ್ತೇಳು ವರ್ಷ. ಅವನ ಸಿಟ್ಟು ತಡ್ಕೊಳ್ಳೋಕೆ ಯಾರ ಬೇರು ಗಟ್ಟಿ, ನೀನೇ ಹೇಳು."

ಆರ್ಲೋ ಕಟ್ಟು ಕಟ್ಟಿದ ತಲೆಯೊಂದಿಗೆ ಮನೆಗೆ ಬಂದಾಗ ನೀವು ಟೋಪಿ ಕೈಯಲ್ಲಿ ಹಿಡಿದು ಅವನ ಮುಂದೆ ನಿಂತು ಹೇಳಿದಿರಿ: "ಡಬ್ಬಿ ಅದಲು ಬದಲಾಯ್ತು ಕಣೋ. ಕಣ್ಣು ಮಂಜಾಗಿದೆ." ಅವನು ಕೂಗಾಡಲಿಲ್ಲ. ಕೂಗಾಡಿದ್ದರೆ ಚೆನ್ನಾಗಿತ್ತು. "ಅಪ್ಪಾ, ಇನ್ಮೇಲೆ ಆ ಬೆಂಚಿನ ಹತ್ರ ಹೋಗ್ಬೇಡ" ಎಂದ. ನೀವು "ಆಯ್ತಪ್ಪಾ" ಎಂದಿರಿ. ಅಷ್ಟೇ. ವಾರ ಕಳೆಯುವುದರೊಳಗೆ ಊರಿಗೆಲ್ಲ ಸುದ್ದಿ ಹಬ್ಬಿತು. ಕಾಫಿ ಡಬ್ಬಿ ಹಿಡಿದು ಬರುವವರು ನಿಂತರು. ನಿಮ್ಮ ಹೆಸರಿನ ಬೆಲೆ ಹೋಗುವುದನ್ನು ನಾನು ಅಡುಗೆಮನೆಯ ಕಿಟಕಿಯಿಂದ ನೋಡುತ್ತ ನಿಂತೆ.

ನನ್ನಂಥವಳನ್ನು ಆ ಕೋಣೆಯ ಹತ್ತಿರವೂ ಸುಳಿಯಗೊಡಬಾರದಿತ್ತು. ನೀವು ಮಾಡಿದ್ದು ತದ್ವಿರುದ್ಧ. ಜನವರಿಯಲ್ಲಿ ಊಟದ ಮೇಜಿನಲ್ಲಿ, ಆರ್ಲೋ ಎದುರಿಗೇ, "ಅವಳ ಕಣ್ಣು ಚುರುಕು, ಅವಳು ಕಲೀಲಿ. ನಾನು ಮುಟ್ಟಲ್ಲ, ಪಕ್ಕದಲ್ಲಿ ಕೂತು ಬಾಯಲ್ಲಿ ಹೇಳ್ತೀನಿ" ಎಂದಿರಿ. ಆಮೇಲೆ ಕೊಟ್ಟಿಗೆಯ ದಾರಿಯಲ್ಲಿ ನಾನು ಹಿಂದೆ ಹಿಂದೆಯೇ ಉಳಿಯುವುದನ್ನು ನೋಡಿ ನೀವು ಬೈದ ಮಾತು ಇನ್ನೂ ಕಿವಿಯಲ್ಲಿದೆ: "ಹೆದರ್ಕೊಂಡು ದೂರ ಕೂತೋರು ಹೆದರ್ಕೊಂಡೇ ಸಾಯ್ತಾರೆ. ಬಾ, ತಿಳ್ಕೊಂಡು ಹೆದರು."

ಮೊದಲ ದಿನ ತುಂಬಿಸಲೇ ಇಲ್ಲ. ಹೊರಗೆ ಚಪ್ಪಡಿ ಕಲ್ಲಿನ ಮೇಲೆ ಚಿಟಿಕೆ ಚಿಟಿಕೆ ಮದ್ದು ಇಟ್ಟು, ಉದ್ದನೆಯ ಕಡ್ಡಿಯಿಂದ ನನ್ನ ಕೈಯಲ್ಲೇ ಬೆಂಕಿ ಮುಟ್ಟಿಸಿದಿರಿ. ಅಜ್ಜನ ಕಾಲದ ಕರಿಮದ್ದು ಭುಸ್ಸೆಂದು ಹೊಗೆಯಾಗಿ ಮುಗಿಯಿತು. ಚಕ್ಕೆಯ ಮದ್ದು ಚುರುಕಾಗಿ ಉರಿಯಿತು. ಕಡ್ಡಿಯ ಮದ್ದು ನಿಧಾನವಾಗಿ, ಯಾರಿಗೋ ಕಾಯುತ್ತಿರುವಂತೆ ಉರಿಯಿತು. "ಜೋರಾಗಿ ಉರಿಯೋದು ಒಳ್ಳೇ ಮದ್ದು ಅಂತ ಪೇಟೆ ಹುಡುಗರು ಅಂದ್ಕೋತಾರೆ" ಎಂದಿರಿ. "ಯಾವ ಕೋವಿಗೆ, ಯಾವ ಗುಂಡಿಗೆ ಯಾವುದು ಎಷ್ಟು ನಿಧಾನಕ್ಕೆ ಉರೀಬೇಕು, ಅಷ್ಟೇ ಪ್ರಶ್ನೆ. ಪುಸ್ತಕ ನೋಡು. ನಿನ್ನ ಬುದ್ಧಿ ನೋಡ್ಬೇಡ, ನನ್ನ ಮಾತೂ ನಂಬಬೇಡ. ಪುಸ್ತಕ ನೋಡು."

ಅಂಗಡಿಗೆ ಹೋದಾಗ, ಮದ್ದಿನ ಅಳತೆ ಬರೆದಿರುವ ಆ ಪುಸ್ತಕದ ಪ್ರಕಾರ ನಮ್ಮ ಹೊಸ ರೈಫಲ್ಲಿಗೆ ಮೂರು ಬಗೆಯ ಮದ್ದು ಹೊಂದುತ್ತಿತ್ತು. ಮೊದಲನೆಯದನ್ನು ಸ್ವಲ್ಪವೇ ಹಾಕಿದರೆ ಸಾಕು, ಒಂದು ಡಬ್ಬಿ ವರ್ಷವಿಡೀ ಬರುತ್ತದೆ. ಇನ್ನೊಂದು ಅಳತೆಗೊಳವೆಯಲ್ಲಿ ನೀರಿನಂತೆ ಇಳಿಯುತ್ತದೆ, ಕೆಲಸ ಬೇಗ, ಆದರೆ ಕೊರೆವ ಚಳಿಯಲ್ಲಿ ಅದರ ಗುಣ ಬದಲಾಗುತ್ತದೆ. ಮೂರನೆಯದು ಉದ್ದ ಕಡ್ಡಿಯದು, ಕೊಳವೆಯಲ್ಲಿ ಸಿಕ್ಕಿಕೊಳ್ಳುತ್ತದೆ, ಒಂದೊಂದನ್ನೂ ತೂಗಬೇಕು, ಬೇಗ ಖರ್ಚಾಗುತ್ತದೆ. ನಾನು ಮಿತವ್ಯಯದ ಹೆಂಗಸು, ಮೊದಲನೆಯದಕ್ಕೆ ಕೈ ಹಾಕಿದೆ. ನೀವು ಮೂರನೆಯದನ್ನು ತೆಗೆದು ನನ್ನ ಕೈಗಿಟ್ಟಿರಿ.

"ಇದು ತೋಟಾದ ಕತ್ತಿನ ತನಕ ಬರುತ್ತೆ. ಮೈಮರೆತು ಎರಡು ಸಲ ಸುರಿದ್ರೆ ಉಕ್ಕಿ ಬೆಂಚಿನ ಮೇಲೆ ಚೆಲ್ಲುತ್ತೆ. ಆ ಮೊದಲನೇದು ಎರಡು ಸಲ ಸುರಿದ್ರೂ ಒಳಗೇ ಬಚ್ಚಿಟ್ಕೊಳ್ಳುತ್ತೆ. ನೀನು ತಪ್ಪೇ ಮಾಡಲ್ಲ ಅಂತ ಮದ್ದು ಆರಿಸ್ಬೇಡ ಮಗಳೇ. ತಪ್ಪು ಮಾಡಿದ್ರೆ ತೋರಿಸಿಕೊಡೋ ಮದ್ದನ್ನ ಆರಿಸು."

ಮಾವ, ಹದಿನೆಂಟು ವರ್ಷದಲ್ಲಿ ನಾನು ತುಂಬಿದ ಒಂದು ತೋಟಾ ಕೂಡ ಯಾರಿಗೂ ಕೇಡು ಮಾಡಿಲ್ಲ. ಕಾಫಿ ಡಬ್ಬಿಗಳು ವಾಪಸು ಬಂದವು, ನನ್ನ ಹೆಸರಿಗೆ. ನೀವು ಪಕ್ಕದ ಸ್ಟೂಲಿನಲ್ಲಿ ಕೂತು, ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡು, ನನ್ನ ತಕ್ಕಡಿಯನ್ನು ನೋಡುತ್ತಿದ್ದಿರಿ. ಕೊಟ್ಟ ಮಾತಿಗೆ ತಪ್ಪಿ ಒಂದು ದಿನವೂ ಒಂದು ತೋಟಾವನ್ನೂ ಮುಟ್ಟಲಿಲ್ಲ. ನಾನು ಮೊದಮೊದಲು ಹೆದರಿ ಸುಮ್ಮನಿದ್ದೆ. ಆಮೇಲೆ ಸುಮ್ಮನಿರುವುದು ಅನುಕೂಲವಾಯಿತು. ಈ ಮಾತು ಬರೆಯಲು ನಾಚಿಕೆಯಾಗುತ್ತದೆ, ಆದರೂ ಇರಲಿ.

ಕಳೆದ ತಿಂಗಳು ಬೇಟೆ ಸಂಘದ ಪ್ಯಾನ್‌ಕೇಕ್ ಊಟದಲ್ಲಿ ಪಕ್ಕದ ಜಮೀನಿನ ವರ್ನನ್ ಎಂದಿನ ಹಾಗೆ ತಮಾಷೆ ತೆಗೆದ. "ಲವೀನಾ ತುಂಬಿದ್ದು ಅಂದ್ರೆ ಬಂಗಾರ ಕಣ್ರಪ್ಪ. ಆ ಮುದುಕನ್ನೇ ಬಿಟ್ಟಿದ್ರೆ ಇವತ್ತು ಇಡೀ ಊರು ಒಂಟಿ ಕಿವೀಲಿ ಕೂತಿರ್ತಿತ್ತು!" ಎಲ್ಲರೂ ನಕ್ಕರು. ಆರ್ಲೋ ಕೂಡ ನಕ್ಕ. ನಾನು ಕಾಫಿ ಬಡಿಸುತ್ತಿದ್ದೆ. ಕೆಟಲನ್ನು ಮೇಜಿನ ಮೇಲಿಟ್ಟೆ.

"ಮದ್ದು ಬೆರೆಸಿದ್ದು ನಾನು" ಎಂದೆ. "ಮಾವ ನನ್ನನ್ನ ಕಾಪಾಡೋಕೆ ತಮ್ಮ ಮೇಲೆ ಹಾಕ್ಕೊಂಡ್ರು. ಅವರ ಕಣ್ಣಿಗೆ ಏನೂ ಆಗಿರ್ಲಿಲ್ಲ."

ವರ್ನನ್ ತನ್ನ ತಟ್ಟೆ ನೋಡಿಕೊಂಡು, "ಇಷ್ಟು ವರ್ಷ ನಾನು ಆ ಮನುಷ್ಯನ್ನ..." ಎಂದು ಅದನ್ನು ಪಕ್ಕಕ್ಕೆ ತಳ್ಳಿದ. ಆರ್ಲೋ ಎದ್ದು ಟೋಪಿ ಹಾಕಿಕೊಂಡು ಪಿಕಪ್ಪಿನಲ್ಲಿ ಹೋಗಿ ಕೂತ. ಎರಡು ದಿನ ಅವನು ಬೇಲಿ ರಿಪೇರಿ ಮಾಡಿದ, ಮುರಿಯದ ಬೇಲಿಯನ್ನೂ.

ಮೂರನೆಯ ದಿನ ಸೂಪಿನ ಬಟ್ಟಲು ಮುಂದಿಟ್ಟಾಗ ಬಾಯಿ ಬಿಟ್ಟ. "ನಿನ್ ಮೇಲೆ ಸಿಟ್ಟಿದೆ. ಇಲ್ಲ ಅನ್ನಲ್ಲ. ಕಿವಿಗಲ್ಲ. ಹದಿನೆಂಟು ವರ್ಷಕ್ಕೆ." ಚಮಚ ಕೆಳಗಿಟ್ಟು, "ಅಪ್ಪ ಕರುಗಳಿಗೆ ಔಷಧಿ ಅಳೆದು ಕೊಟ್ರೆ ನಾನು ಅವನ ಮುಂದೇನೇ ಚೆಲ್ಲಿ ಇನ್ನೊಂದ್ಸಲ ಅಳೀತಿದ್ದೆ. ಪ್ರತಿ ಸಲ. ಅವನು ನೋಡ್ತಾ ನಿಂತಿರ್ತಿದ್ದ, ಗೊತ್ತಾ ನಿಂಗೆ?" ಎಂದ. ನನಗೆ ಗೊತ್ತಿತ್ತು. ಸೂಪು ತಣ್ಣಗಾಯಿತು. ಅವನು ಅತ್ತಿದ್ದನ್ನು ನಾನು ನೋಡಿದ್ದು ಅದೇ ಮೊದಲು.

ನೀವು ಕೊಟ್ಟದ್ದು ಏನೆಂದು ಈಗ ನನಗೆ ಸರಿಯಾಗಿ ಅರ್ಥವಾಗಿದೆ. ಹೊಸ ಸೊಸೆಗೆ ಒಂದು ಮನೆ ಕೊಟ್ಟಿರಿ, ಗಂಡನನ್ನು ಉಳಿಸಿಕೊಟ್ಟಿರಿ, ಕೈಗೊಂದು ಕಸುಬು ಕೊಟ್ಟಿರಿ. ಅದಕ್ಕೆ ತೆತ್ತದ್ದು ನಿಮ್ಮ ಹೆಸರನ್ನು, ಮಗನ ನಂಬಿಕೆಯನ್ನು. ಒಂದು ದಿನವೂ ನನಗೆ ಅದನ್ನು ನೆನಪಿಸಲಿಲ್ಲ. ನನ್ನ ಹೆತ್ತಪ್ಪನೂ ಇಷ್ಟು ಮಾಡುತ್ತಿದ್ದನೋ ಇಲ್ಲವೋ. ಥ್ಯಾಂಕ್ಸ್ ಎಂಬ ಮಾತನ್ನು ದಿನಕ್ಕೆ ಹತ್ತು ಸಲ ಅಂಗಡಿಯವನಿಗೂ ಹೇಳುತ್ತೇವೆ. ನಿಮಗೆ ಹೇಳಲು ಬೇರೆ ಮಾತು ಹುಡುಕಿದೆ, ಸಿಗಲಿಲ್ಲ. ಅದನ್ನೇ ಹೇಳುತ್ತಿದ್ದೇನೆ.

ಆರ್ಲೋ ಭಾನುವಾರದವರೆಗೆ ಕಾಯುವುದಿಲ್ಲವಂತೆ. ಮುಂದಿನ ವಾರ ಗುರುವಾರವೇ ಒಬ್ಬನೇ ನಿಮ್ಮಲ್ಲಿಗೆ ಬರುತ್ತಾನೆ. ಇವತ್ತು ಬೆಳಿಗ್ಗೆ ಹಾಲು ತರಲು ಹೋದಾಗ ಕೊಟ್ಟಿಗೆಯಲ್ಲಿ ಅವನ ದನಿ ಕೇಳಿಸಿತು. "ಅಪ್ಪಾ, ನಾನು..." ಎನ್ನುತ್ತಿದ್ದ. ನಿಲ್ಲಿಸುತ್ತಿದ್ದ. ಮತ್ತೆ "ಅಪ್ಪಾ, ನಾನು..." ಹಸುಗಳು ಮೆಲುಕು ಹಾಕುತ್ತ ಕೇಳುತ್ತಿದ್ದವು. ನಾನು ಖಾಲಿ ಬಕೆಟ್ಟಿನೊಂದಿಗೆ ಹಿಂತಿರುಗಿದೆ.

ಮಾವ, ನಿಮ್ಮಲ್ಲಿ ನಾನು ಏನನ್ನೂ ಕೇಳಿದವಳಲ್ಲ. ಒಂದೇ ಒಂದನ್ನು ಕೇಳುತ್ತೇನೆ. ಅವನು ಮಾತು ಶುರುಮಾಡಿದಾಗ ನಿಮ್ಮ ಅಭ್ಯಾಸದಂತೆ ಅರ್ಧಕ್ಕೇ "ಹೋಗ್ಲಿ ಬಿಡೋ" ಎಂದು ಅವನ ಬೆನ್ನು ತಟ್ಟಬೇಡಿ. ಎಷ್ಟು ಹೊತ್ತಾದರೂ ಸರಿ, ಪೂರ್ತಿ ಹೇಳಲು ಬಿಡಿ.

ದೇವರು ನಿಮ್ಮನ್ನು ಬೆಚ್ಚಗಿಟ್ಟಿರಲಿ.

ನಿಮ್ಮ ಸೊಸೆ,
ಲವೀನಾ