ನಾಯಿ ನೋಡಿಕೊಳ್ಳುವವಳು

ಕಂಪಲಾಪುರ
೧೭-೨-೧೯೯೯, ಬುಧವಾರ

ಯಜಮಾನರಿಗೆ ಸರ್ವಮಂಗಳ ಮಾಡುವ ನಮಸ್ಕಾರ.

ನಿಮ್ಮ ಮೊಣಕಾಲು ನೋವು ಈಗ ಹೇಗಿದೆ? ಹೋದ ಸಲ ಬಂದಾಗ ಜಗಲಿ ಹತ್ತುವುದಕ್ಕೇ ಗೋಡೆ ಹಿಡಿಯುತ್ತಿದ್ದಿರಿ. ಅಕ್ಕಿ ಗಿರಣಿಯ ತೌಡಿನ ದೂಳಿಗೆ ಕೆಮ್ಮು ಹೆಚ್ಚಾಗಿದ್ದರೆ ಬಿಸಿನೀರು ಕುಡಿಯಿರಿ. ಕಾಯಿಸಿ ಕೊಡುವವರು ಅಲ್ಲಿ ಇದ್ದಾರೆ ಎಂದು ಈಗ ಗೊತ್ತಾಗಿರುವುದರಿಂದ ಆ ಯೋಚನೆಯನ್ನು ಬಿಟ್ಟಿದ್ದೇನೆ. ಇಲ್ಲಿ ಹೊಗೆಸೊಪ್ಪು ಪೂರ್ತಿ ಮಾರ್ಕೆಟ್ಟಿಗೆ ಹೋಯಿತು, ಸೊಪ್ಪು ಬೇಯಿಸುವ ಬ್ಯಾರನ್ ಮನೆ ಗುಡಿಸಿ ಬೀಗ ಹಾಕಿದ್ದೇವೆ. ಸುಧಾ ಹತ್ತನೇ ಕ್ಲಾಸಿನ ಪರೀಕ್ಷೆಗೆ ಓದುತ್ತಿದ್ದಾಳೆ. ಗಣಿತ ಒಂದನ್ನು ಅಪ್ಪ ಬಂದು ಹೇಳಿಕೊಟ್ಟರೆ ಸಾಕು ಎನ್ನುತ್ತಾಳೆ.

ನೀವು ಬಿಟ್ಟು ಹೋದ ನಾಯಿಗೆ ಹೆರಿಗೆಯಾಯಿತು. ಮೊದಲು ಅದನ್ನೇ ಬರೆಯುತ್ತೇನೆ, ನೀವು ನನಗೆ ಒಪ್ಪಿಸಿದ್ದ ಕೆಲಸ ಅದೇ ತಾನೆ. ಸಂಕ್ರಾಂತಿ ಕಳೆದ ಮೇಲೆ ಆ ಬಿಳಿ ಪಮೇರಿಯನ್ನನ್ನು ಬುಟ್ಟಿಯಲ್ಲಿ ಕೂರಿಸಿಕೊಂಡು ಬಂದು, "ಗಿರಣಿ ಸಾಹುಕಾರ್ರ ಮನೇದು ಕಣೆ, ಪಿಂಕಿ ಅಂತ. ಅವ್ರು ಯಾತ್ರೆಗೆ ಹೊಂಟವ್ರೆ. ಹೆರಿಗೆ ಆಗೋಗಂಟ ನೋಡ್ಕೊ" ಅಂದಿರಿ. ಆಮೇಲೆ ಜಗಲಿಯ ಮೇಲೆ ಕೂರಿಸಿಕೊಂಡು ಪಾಠ ಹೇಳಿದಿರಿ. ನೋವಿನ ಹಿಂದಿನ ದಿನ ಮೈ ತಣ್ಣಗಾಗುತ್ತದೆ, ಥರ್ಮಾಮೀಟರಿನಲ್ಲಿ ನೋಡಬೇಕು. ಊಟ ಬಿಡುತ್ತದೆ, ನಡುಗುತ್ತದೆ, ಮೂಲೆ ಹುಡುಕಿ ನೆಲ ಕೆರೆಯುತ್ತದೆ. ಈ ಜಾತಿಗೆ ಸೊಂಟ ಸಣ್ಣ, ಮರಿಯ ತಲೆ ದಪ್ಪ, ಮುಕ್ಕರಿದರೂ ಮರಿ ಬರದಿದ್ದರೆ ಕಾಯಬಾರದು. ಎಲ್ಲವನ್ನೂ ಡಾಕ್ಟರ ಹತ್ತಿರ ಕೇಳಿ ತಿಳಿದುಕೊಂಡು ಬಂದಿದ್ದಿರಿ. ಸುಧಾ ಹುಟ್ಟುವಾಗ ಇಷ್ಟು ವಿವರವನ್ನು ನೀವು ಯಾರ ಹತ್ತಿರವೂ ಕೇಳಿದ್ದು ನನಗೆ ನೆನಪಿಲ್ಲ. ಸಾಹುಕಾರರ ಮೇಲೆ ಎಷ್ಟು ನಿಷ್ಠೆ ಇವರಿಗೆ ಎಂದು ಆವತ್ತು ಒಳಗೊಳಗೇ ಹೆಮ್ಮೆಪಟ್ಟವಳು ನಾನು. ಈಗ ನಗು ಬರುತ್ತದೆ.

ನಾಯಿಯ ಮೇಲೆ ನನಗೆ ಸಿಟ್ಟಿಲ್ಲ. ನಾನು ಒಲೆ ಮುಂದೆ ಕೂತರೆ ಸೆರಗಿನ ಮೇಲೆ ಬಂದು ಕೂರುತ್ತಿತ್ತು. ಶನಿವಾರ ಸಂಜೆ ಹಾಲನ್ನ ಇಟ್ಟರೆ ಮೂಸಿ ಹಿಂದೆ ಸರಿಯಿತು. ಮೈ ಮುಟ್ಟಿದರೆ ಎಂದಿನ ಬಿಸಿ ಇಲ್ಲ, ಥರ್ಮಾಮೀಟರಿನಲ್ಲೂ ಪಾದರಸ ಇಳಿದಿತ್ತು. ಮೊಲೆ ಹಿಂಡಿದರೆ ಹಾಲು ಜಿನುಗಿತು. ಭಾನುವಾರ ಬೆಳಿಗ್ಗೆ ಕಾಣಲಿಲ್ಲ ಎಂದು ಹುಡುಕಿದರೆ, ಬ್ಯಾರನ್ನಿನ ಗೋಡೆಯ ಪಕ್ಕ ಜೋಡಿಸಿದ್ದ ಗೋಣಿತಾಟುಗಳನ್ನು ಎಳೆದಾಡಿ, ಕೆರೆದು, ಅದರೊಳಗೆ ಸುತ್ತಿ ಸುತ್ತಿ ಮಲಗುತ್ತಿತ್ತು. ಏಳುವುದು, ತನ್ನ ಬೆನ್ನ ಹಿಂದೆ ಯಾರೋ ಇದ್ದಾರೆ ಎಂಬಂತೆ ತಿರುಗಿ ನೋಡುವುದು, ಮತ್ತೆ ಮಲಗುವುದು. ನಾಲಿಗೆ ಹೊರಗೆ ಹಾಕಿ ತೇಕುತ್ತಿತ್ತು. ಪಕ್ಕದ ಮನೆಯ ಚಿಕ್ಕಸಿದ್ದಮ್ಮನನ್ನು ಕರೆದೆ. ಅವಳು ನೋಡಿ, "ನೋವು ಸುರುವಾಗದೆ ಬುಡವ್ವ. ನೀನು ಮುಂದೆ ಕೂತ್ಕೊ, ನಿನ್ನ ಮೊಕ ಕಂಡ್ರೆ ಧೈರ್ಯ ಅದಕ್ಕೆ" ಅಂದಳು. ಅದು ಮುಕ್ಕರಿತು. ನೀರು ಹೋಯಿತು, ಮರಿ ಮಾತ್ರ ಬರಲಿಲ್ಲ. ಕಾದೆವು. ಆಮೇಲೆ ಹಿಂದುಗಡೆ ಹಸಿರು ಹಸಿರಾಗಿ ಇಳಿಯಿತು. ಅದನ್ನು ನೀವು ಹೇಳಿಕೊಟ್ಟಿರಲಿಲ್ಲ. ಚಿಕ್ಕಸಿದ್ದಮ್ಮ ಬಾಯಿಗೆ ಸೆರಗು ಹಿಡಿದುಕೊಂಡಳು.

ನಾಯಿಯನ್ನು ಅವಳ ಮಡಿಲಿಗೆ ಹಾಕಿ ನಾನು ಕುಳ್ಳಯ್ಯನ ಎಸ್.ಟಿ.ಡಿ. ಬೂತಿಗೆ ಓಡಿದೆ. ನೀವು ಕೊಟ್ಟಿದ್ದ ಗಿರಣಿ ನಂಬರಿಗೆ ಮಾಡಿದರೆ ಕಾವಲುಗಾರ ಎತ್ತಿದ, ನಿಮ್ಮನ್ನು ಕೇಳಿದೆ. "ಇವತ್ತು ಗಿರಣಿ ರಜಾ ಕಣಮ್ಮ. ರೈಟರ್ ಸಾರು ಮನೇಲವ್ರೆ, ಮನೆ ನಂಬರು ಬರ್ಕೊಳ್ಳಿ" ಅಂದ. ಗಿರಣಿಯ ಹಿಂದಿನ ಒಂಟಿ ರೂಮಿನಲ್ಲಿ ಇರುವವರಿಗೆ ಮನೆ ನಂಬರು ಎಲ್ಲಿಂದ ಬಂತು ಎಂದು ಯೋಚಿಸುವಷ್ಟು ಪುರಸೊತ್ತು ನನಗಿರಲಿಲ್ಲ. ಮಾಡಿದೆ. ಹೆಂಗಸೊಬ್ಬಳು ಎತ್ತಿದಳು. ನಿಮ್ಮ ಹೆಸರು ಬಾಯಲ್ಲಿ ಹೇಳಿದವಳಲ್ಲ ನಾನು, ಆವತ್ತು ಹೇಳಿ ಕೇಳಿದೆ. "ನಮ್ಮೆಜಮಾನ್ರು ಊಟ ಮಾಡಿ ಮಲಗವ್ರೆ. ಯಾರು ಮಾತಾಡ್ತಿರೋದು?" ಅಂದಳು.

ಏನು ಹೇಳಬೇಕಿತ್ತು ನಾನು, ನೀವೇ ಹೇಳಿ. "ನಾಯಿ ನೋಡ್ಕೊಳ್ಳೋಳು" ಅಂದೆ.

"ಅಯ್ಯೋ, ಕಂಪಲಾಪುರದ ಅಕ್ಕನಾ? ನಮ್ಮ ಪಿಂಕಿ ಹೆಂಗವ್ಳೆ?" ಅಂದಳು. ಒಳ್ಳೆಯ ಹುಡುಗಿ, ದನಿಯಲ್ಲಿ ಕಪಟವಿರಲಿಲ್ಲ. ಹಸಿರು ಇಳಿಯುತ್ತಿದೆ ಎಂದೆ. ಅತ್ತೇಬಿಟ್ಟಳು. "ತಡ ಮಾಡ್ಬೇಡಿ ಅಕ್ಕಾ, ಹಂಗಂದ್ರೆ ಒಳಗೆ ಮರಿಗೆ ಉಸಿರು ಕಟ್ತದಂತೆ, ಡಾಕ್ಟ್ರು ಹೇಳವ್ರೆ. ಈಗ್ಲೇ ಕರ್ಕೊಂಡೋಗಿ. ಪಾಪು ಚಿಕ್ಕದು, ನಾಯಿ ಹೆರಿಗೆ ಮನೇಲಿ ಬ್ಯಾಡ ಅಂತ ಇವ್ರೇ ಅಲ್ಲಿಗೆ ಬಿಟ್ಬಂದ್ರು. ನಿಮ್ಮ ಸಂಗ್ತಿ ಹೇಳವ್ರೆ ಅಕ್ಕಾ. ದೂರದ ನೆಂಟ್ರು, ಗಂಡ ತೀರ್ಕೊಂಡ ಮೇಲೆ ಮಗಳ್ನ ಇಟ್ಕೊಂಡು ಕಷ್ಟ ಬೀಳ್ತಾವ್ರೆ ಅಂತ." ಅವಳ ಹಿಂದೆ ಮಗು ಅಳುತ್ತಿತ್ತು. ಗಂಡೋ ಹೆಣ್ಣೋ ಎಂದು ಕೇಳಿದೆ. ಯಾಕೆ ಕೇಳಿದೆನೋ. "ಗಂಡು ಅಕ್ಕಾ" ಅಂದಳು. "ಇವ್ರ್ನ ಎಬ್ಬಿಸ್ಲಾ?" ಅಂದಳು. ಬೇಡ, ಮಲಗಲಿ ಎಂದೆ. ಅವಳು ಕೇಳಿದ್ದಕ್ಕೆ ಬೂತಿನ ನಂಬರು ಕೊಟ್ಟೆ. ಬೂತಿನ ಗಾಜಿನಲ್ಲಿ ನನ್ನ ಮುಖ ಕಾಣುತ್ತಿತ್ತು. ಬೆಳಿಗ್ಗೆ ಇಟ್ಟ ಕುಂಕುಮ ಬೆವರಿಗೆ ಇಳಿದು ಮೂಗಿನವರೆಗೆ ಬಂದಿತ್ತು. ಹದಿನೇಳು ವರ್ಷ ನಿಮಗಾಗಿ ಶುಕ್ರವಾರ ಒಪ್ಪೊತ್ತು ಮಾಡಿದ್ದೇನೆ. ನೀವು ಯಾವ ದಿನ ಸತ್ತಿರಿ ಎಂದು ಒಂದು ಮಾತು ತಿಳಿಸಿದ್ದರೆ ಹೊಟ್ಟೆ ತುಂಬ ಉಣ್ಣುತ್ತಿದ್ದೆ.

ಅಳುವುದಕ್ಕೂ ಹೊತ್ತಿರಲಿಲ್ಲ. ಆಟೋ ಹಿಡಿದು ಪಿರಿಯಾಪಟ್ಟಣದ ದನದ ಡಾಕ್ಟರ ಮನೆಗೆ ಹೋದೆವು. ದಾರಿಯುದ್ದಕ್ಕೂ ಅದು ನನ್ನ ಕೈ ನೆಕ್ಕುತ್ತಿತ್ತು. ಮಧ್ಯೆ ಒಂದು ಸಲ, ಗುಡ್ಡೆಹೊಸಳ್ಳಿ ಕಡೆಯ ತಿರುವಿನಲ್ಲೋ ಎಲ್ಲೋ, ಈ ನಾಯಿ ಸತ್ತರೆ ನೋವು ಏನೆಂದು ನಿಮ್ಮಿಬ್ಬರಿಗೂ ಗೊತ್ತಾಗುತ್ತದೆ ಎಂಬ ಯೋಚನೆ ಬಂತು. ಬಂದದ್ದನ್ನು ಬರೆಯುತ್ತಿದ್ದೇನೆ. ಹೊಟ್ಟೆಯೊಳಗೆ ಮರಿ ಹಿಂದುಮುಂದಾಗಿ ಸಿಕ್ಕಿಕೊಂಡಿತ್ತಂತೆ. ಡಾಕ್ಟರು ಎಣ್ಣೆ ಸವರಿಕೊಂಡು ಬೆರಳಲ್ಲಿ ಹಿಡಿದು ಎಳೆದರು. ಅದು ಸತ್ತೇ ಬಂತು. ಅದರ ಹಿಂದೆ ಇನ್ನೆರಡು ಬಂದವು. ಕೊನೆಯದು ಉಸಿರಾಡಲಿಲ್ಲ, ಡಾಕ್ಟರು "ಬಟ್ಟೇಲಿ ಉಜ್ಜಮ್ಮ, ಉಜ್ಜು" ಎಂದು ನನ್ನ ಕೈಗೆ ಕೊಟ್ಟರು. ಸೆರಗಿನಲ್ಲಿ ಉಜ್ಜಿದೆ. ಕೀಚ್ ಎಂದಾಗ ಚಿಕ್ಕಸಿದ್ದಮ್ಮ ನನ್ನ ಭುಜಕ್ಕೆ ಹಣೆ ಇಟ್ಟಳು. ಫೋನಿನಲ್ಲಿ ಕೇಳಿದ್ದನ್ನೆಲ್ಲ ಅವಳಿಗೆ ಆಮೇಲೆ ಆಟೋದಲ್ಲಿ ಹೇಳಿದೆ. ಅವಳೊಬ್ಬಳಿಗೇ. ನಾಯಿಯನ್ನು ನನ್ನ ಮಡಿಲಿಂದ ತನ್ನ ಮಡಿಲಿಗೆ ತೆಗೆದುಕೊಂಡು, ನನ್ನ ಎರಡೂ ಕೈಗಳನ್ನು ಬಿಡುಗಡೆ ಮಾಡಿದಳು. ಊರು ಬರುವವರೆಗೆ ಆ ಕೈಗಳಲ್ಲಿ ಮುಖ ಮುಚ್ಚಿಕೊಂಡಿದ್ದೆ.

ನಾನು ಫೋನ್ ಮಾಡಿದ್ದು ನಿಮಗೆ ಎದ್ದ ಮೇಲೆ ಗೊತ್ತಾಗಿರಲೇಬೇಕು. ಭಾನುವಾರ ಸಂಜೆ ಬರುತ್ತೀರಿ ಎಂದುಕೊಂಡೆ, ಸೋಮವಾರ ಬರುತ್ತೀರಿ ಎಂದುಕೊಂಡೆ. ಬಂದು ಕಾಲು ಹಿಡಿಯಬೇಕಿರಲಿಲ್ಲ, ಸುಳ್ಳೇ ಹೇಳಿದ್ದರೂ ಕೇಳುತ್ತಿದ್ದೆನೋ ಏನೋ, ಇಷ್ಟು ದಿನ ಕೇಳಿದವಳು. ನೀವು ಅದಕ್ಕೂ ಬರಲಿಲ್ಲ.

ಪಿಂಕಿ ಚೆನ್ನಾಗಿದೆ, ಹಾಲು ಇದೆ, ಮರಿಗಳು ಕಣ್ಣು ಬಿಟ್ಟಿಲ್ಲ. ಚಿಕ್ಕಸಿದ್ದಮ್ಮ ನಿಮ್ಮನ್ನು ಕೇಳಿದಳು ಎಂದು ಬರೆಯುವುದು ವಾಡಿಕೆ. ಈ ಸಲ ಕೇಳಲಿಲ್ಲ. ಸುಧಾ ನಮಸ್ಕಾರ ತಿಳಿಸಿದ್ದಾಳೆ. ಹೆಸರಿನ ಮೇಲೆ "ನಿಮ್ಮ" ಎಂದು ಬರೆಯುವ ಅಭ್ಯಾಸ ಕೈಗೆ ಇದೆ, ಇವತ್ತು ತಡೆದುಕೊಂಡೆ.

ಇಂತಿ,
ಸರ್ವಮಂಗಳ

ಮತ್ತೆ ತೆರೆದು ಬರೆಯುತ್ತಿದ್ದೇನೆ: ಅಂಚೆಗೆ ಹಾಕಲು ಹೊರಟವಳನ್ನು ಕುಳ್ಳಯ್ಯ ಬೂತಿಗೆ ಕರೆದ. ಆ ಹುಡುಗಿಯದೇ ಫೋನು. ಹೆಸರು ಪದ್ಮಶ್ರೀ ಅಂತೆ. "ಇವ್ರು ಬ್ಯಾಡ ಅಂತಾವ್ರೆ, ನನಗೆ ಮನಸ್ಸು ತಡೀತಿಲ್ಲ ಅಕ್ಕಾ. ಇವ್ರಿಗೆ ಹೇಳ್ದಂಗೆ ಭಾನುವಾರ ಪಾಪೂನ ಎತ್ಕೊಂಡು ಬತ್ತೀನಿ, ದಾರಿ ಹೇಳಿ" ಅಂದಳು. ಹೇಳಿದ್ದೇನೆ. ಭಾನುವಾರ ಸುಧಾ ಮನೆಯಲ್ಲೇ ಇರುತ್ತಾಳೆ. ಅವಳಿಗೆ ಇನ್ನೂ ಏನೂ ಗೊತ್ತಿಲ್ಲ, ಹೇಳುವ ಕೆಲಸ ನಿಮ್ಮದು, ಶನಿವಾರವೇ ಬನ್ನಿ. ಪದ್ಮಶ್ರೀಯನ್ನು ತಡೆದರೆ ಸುಧಾಳನ್ನು ಕರೆದುಕೊಂಡು ನಾನೇ ಅಲ್ಲಿಗೆ ಬರುತ್ತೇನೆ. ಭಾನುವಾರಕ್ಕೆ ಎಷ್ಟು ಜನಕ್ಕೆ ಅಡುಗೆ ಮಾಡಲಿ ಎನ್ನುವುದನ್ನು ಮಾತ್ರ ತಿಳಿಸಿ.