ಬಿಚ್ಚದ ಎರಡು ಲಕೋಟೆಗಳು

ಲೆಮ್ವಿಗ್, ಭಾನುವಾರ ಮಧ್ಯಾಹ್ನ

ಆಸ್ಗೆರ್ ಅಣ್ಣನಿಗೆ,

'ಪ್ರೀತಿಯ' ಎಂದು ಬರೆಯಲು ಇವತ್ತು ಕೈ ಬರಲಿಲ್ಲ. ನಾಡಿದ್ದು ಮಂಗಳವಾರ ನಿನ್ನ ಕರುಳಿನ ಆಪರೇಷನ್. ಆಸ್ಪತ್ರೆಯಲ್ಲಿ ಮಲಗಿದವನಿಗೆ ಹೀಗೆಲ್ಲ ಬರೆಯಬಾರದು ಎಂದು ಯಾರಾದರೂ ಹೇಳಿಯಾರು. ಹೇಳಲಿ. ಫೋನ್ ಮಾಡಿದರೆ ನೀನು ನನಗೆ ಬಾಯಿ ತೆರೆಯಲು ಬಿಡುವುದಿಲ್ಲ, ನೋಡಲು ಬರುತ್ತೇನೆಂದರೆ ಬೇಡ ಅನ್ನುತ್ತೀಯ. ಕಾಗದ ಓದುವಾಗಲಾದರೂ ನೀನು ನಡುವೆ ಬಾಯಿ ಹಾಕಲಾರೆ.

ಶುಕ್ರವಾರ ನೀನು ಹೇಳಿದ ಬಟ್ಟೆ, ಕನ್ನಡಕ ತೆಗೆದುಕೊಳ್ಳಲು ನಿನ್ನ ಮನೆಗೆ ಹೋದೆ. ಕನ್ನಡಕಕ್ಕೆಂದು ನಡುಮನೆಯ ಡ್ರಾಯರ್ ಎಳೆದರೆ, ಸೈಕಲ್ ಕೈಗವಸುಗಳ ಅಡಿಯಲ್ಲಿ ಎರಡು ಲಕೋಟೆ. ಐವತ್ತು ದಾಟಿದವರಿಗೆಲ್ಲ ಕರುಳಿನ ಕ್ಯಾನ್ಸರ್ ಪತ್ತೆಗೆಂದು ಎರಡು ವರ್ಷಕ್ಕೊಮ್ಮೆ ಸರ್ಕಾರ ಕಳಿಸುವ ಮಲ ಪರೀಕ್ಷೆಯ ಲಕೋಟೆಗಳು. ಒಂದು ಹೋದ ಶರತ್ಕಾಲದ್ದು, ಇನ್ನೊಂದು ಅದಕ್ಕೂ ಎರಡು ವರ್ಷ ಹಿಂದಿನದು. ಎರಡರ ಅಂಟೂ ಬಿಟ್ಟಿರಲಿಲ್ಲ. ಅಲ್ಲೇ ನೆಲದ ಮೇಲೆ ಕೂತುಬಿಟ್ಟೆ. ಮೊದಲು ಅಳು ಬಂದೀತು ಅಂದುಕೊಂಡೆ, ಬಂದದ್ದು ಸಿಟ್ಟು.

ಯಾಕೆಂದರೆ ನನ್ನ ಲಕೋಟೆಯನ್ನು ನಾನು ಬಿಚ್ಚಿದ್ದೇ ನಿನ್ನ ಮಾತು ಕೇಳಿ. ಹೋದ ವರ್ಷ ಸಹಕಾರಿ ಅಂಗಡಿಯ ಮುಂದೆ ನಮ್ಮ ಸೈಕಲ್ ತಂಡದ ಹಸಿರು ಅಂಗಿ ತೊಟ್ಟು, ಕೈಯಲ್ಲಿ ದೇಣಿಗೆಯ ಡಬ್ಬಿ ಹಿಡಿದು ಭಾಷಣ ಮಾಡಿದ್ದು ಯಾರು? "ಒಂದು ಕಡ್ಡಿ, ಒಂದು ಕೊಳವೆ, ಐದು ನಿಮಿಷದ ಕೆಲಸ. ನಾಚ್ಕೊಂಡು ಕೂತ್ರೆ ನಾಚ್ಕೊಂಡೇ ಸಾಯ್ತೀರಿ" ಎಂದು ಕೂಗಿದ್ದು ಯಾರು? ಮುದುಕಿಯರೆಲ್ಲ ನಿನ್ನ ಕೈ ಕುಲುಕಿ ಹೋದರು. ಮನೆಗೆ ಮಾರಿ, ಊರಿಗೆ ಉಪಕಾರಿ ಎಂಬ ಮಾತನ್ನು ನಿನ್ನ ನೋಡಿಯೇ ಕಟ್ಟಿರಬೇಕು.

ಬೋಡಿಲ್ ಅತ್ತಿಗೆ ಎದೆಯ ಗಂಟನ್ನು ಎರಡು ತಿಂಗಳು ಮುಚ್ಚಿಟ್ಟಿದ್ದಳು. ಅದು ಗೊತ್ತಾದ ದಿನ ನೀನು ಅಡುಗೆಮನೆಯಲ್ಲಿ ಅವಳ ಮೇಲೆ ಕೂಗಾಡಿದ್ದು ಬೀದಿಗೆಲ್ಲ ಕೇಳಿಸಿತ್ತು. ಅವಳು ತೀರಿಕೊಂಡ ಮರು ವಸಂತದಲ್ಲೇ ಕ್ಯಾನ್ಸರ್ ರೋಗಿಗಳಿಗೆಂದು ಹಣ ಕೂಡಿಸಲು ಈ ತಂಡ ಕಟ್ಟಿದೆ. ಆರು ಬೇಸಿಗೆ ನಮ್ಮೆಲ್ಲರಿಂದ ಸೈಕಲ್ ತುಳಿಸಿದೆ. ಹಾಗಿದ್ದೂ ಅವಳು ಎರಡು ತಿಂಗಳು ಮಾಡಿದ ತಪ್ಪನ್ನು ನೀನು ಎರಡು ವರ್ಷ ಮಾಡಿದೆ.

ಜನವರಿಯಿಂದ ನೀನು ಸೀಟಿನ ಮೇಲೆ ನೆಟ್ಟಗೆ ಕೂತದ್ದೇ ಇಲ್ಲ. ಮೂರು ಸೀಟು ಬದಲಾಯಿಸಿದೆ. ಸೈಕಲ್ ತುಳಿಯುವವರಲ್ಲಿ ಹಿಂಭಾಗ ನೋಯದವರು ಯಾರಿದ್ದಾರೆ? ಅದರ ಮೇಲೆಯೇ ನಮ್ಮ ಅರ್ಧ ತಮಾಷೆ. ಹಂದಿ ಸಾಕುವ ಥೊರ್ಕಿಲ್, "ಇವನ ಸೈಕಲ್ಲಿಗೆ ರಾಣಿಯ ಮಂಚಾನೇ ಕಟ್ಟಬೇಕು ಕಣ್ರೋ" ಅಂದಾಗ ನಾನೂ ಬಿದ್ದು ಬಿದ್ದು ನಕ್ಕೆ. ಇಡೀ ಚಳಿಗಾಲ ಜೋಡಿ ಸಾಲಿನಲ್ಲಿ ನಿನ್ನ ಎಡಗಡೆಗೇ ಇದ್ದವಳು ನಾನು, ನಕ್ಕೆ. ರಕ್ತ ಬಿದ್ದದ್ದನ್ನು ನೀನು ಡಾಕ್ಟರಿಗೂ "ಸೀಟಿಂದು ಅಂದ್ಕೊಂಡೆ" ಎಂದು ಹೇಳಿದೆಯಂತೆ. ಜುಲೈಯಲ್ಲಿ ತಂಡದ ಜೊತೆ ಸೈಕಲ್ಲಿನಲ್ಲಿ ಪ್ರಾಗ್ ಮುಟ್ಟಿ ಬಂದ ಮೇಲೆ ತೋರಿಸುವವನಿದ್ದೆಯಂತೆ. ಪ್ರಾಗ್ ಏನು ಓಡಿಹೋಗುತ್ತಿತ್ತೇ?

ನಿನ್ನದೇ ನಿಯಮ ನಿನಗೆ ಹೇಳುತ್ತೇನೆ. ಸಾಲಿನಲ್ಲಿ ಮುಂದಿರುವವನಿಗೆ ರಸ್ತೆಯಲ್ಲಿ ಗುಂಡಿ ಕಂಡರೆ ಕೈ ತೋರಿಸಿ ಕೂಗಬೇಕು. ಹಿಂದಿನವನು ಅದನ್ನು ತನ್ನ ಹಿಂದಿನವನಿಗೆ ಕೂಗಬೇಕು, ಕೊನೆಯ ಜೋಡಿಯವರೆಗೆ. ಕೂಗದವನು ಮುಂದಿನ ಭಾನುವಾರ ಎಲ್ಲರಿಗೂ ಕೇಕ್ ತರಬೇಕು. ಥೊರ್ಕಿಲ್ ಒಮ್ಮೆ ಸುಮ್ಮನಿದ್ದದ್ದಕ್ಕೆ ನೀನು ಮೂವತ್ತು ಜನರೆದುರು ಅವನ ಜನ್ಮ ಜಾಲಾಡಿದೆ. "ನಿನಗೆ ಕಂಡಿತ್ತೋ ಇಲ್ಲವೋ ಅಷ್ಟು ಹೇಳು" ಎಂದು ಅವನ ಮುಖಕ್ಕೆ ಮುಖ ಕೊಟ್ಟು ಕೇಳಿದೆ. ಈಗ ನಾನು ಕೇಳುತ್ತಿದ್ದೇನೆ. ನಿನಗೆ ಕಂಡಿತ್ತೋ ಇಲ್ಲವೋ?

ಇಷ್ಟಾದರೂ ನನ್ನನ್ನು ಸುಳ್ಳಿಗೆ ಜೊತೆ ಕರೆದೆಯಲ್ಲ, ಅದಕ್ಕೆ ಮೈಯೆಲ್ಲ ಉರಿಯಿತು. "ಮೊಣಕಾಲು ಕೈಕೊಟ್ಟಿದೆ ಅಂತ ಹೇಳ್ಬಿಡು ಮೆರೆಟೆ. ತಂಡಾನ ನೀನು ಕರ್ಕೊಂಡು ಹೋಗು. ನಾನೇ ಹಿಂಗ್ ಮಾಡ್ಕೊಂಡೆ ಅಂತ ಗೊತ್ತಾದ್ರೆ ಯಾರ ಮುಖ ನೋಡ್ಲಿ?" ಅಂದೆ. ನಿನಗೆ ಸಾವಿಗಿಂತ ಮುಖದ ಚಿಂತೆ. ಆಗ ನಾನು ಹೂಂ ಅಂದದ್ದು ನಿಜ. ಎರಡು ದಿನ ಆ ಹೂಂ ಹೊತ್ತುಕೊಂಡೇ ತಿರುಗಿದೆ.

ಇವತ್ತು ಬೆಳಿಗ್ಗೆ ಎಂಟಕ್ಕೆ ಎಲ್ಲರೂ ಅಂಗಡಿಯ ಮುಂದೆ ಸೇರಿದರು. ಪಡುವಣ ಗಾಳಿ ಸೈಕಲ್‌ಗಳನ್ನೇ ಬೀಳಿಸುತ್ತಿತ್ತು. "ನಾಯಕ ಎಲ್ಲಿ?" ಎಂದು ಥೊರ್ಕಿಲ್ ಕೇಳಿದ. ಮೊಣಕಾಲು ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು ಅಣ್ಣ, ಆದರೆ ನನ್ನಿಂದಾಗಲಿಲ್ಲ. ಎಲ್ಲ ಹೇಳಿಬಿಟ್ಟೆ. ರಕ್ತ, ಡ್ರಾಯರ್, ಎರಡು ಲಕೋಟೆ, ಮಂಗಳವಾರ, ಎಲ್ಲ.

ಥೊರ್ಕಿಲ್ ಹೆಲ್ಮೆಟ್ ತೆಗೆದು, "ಮಂಚ ಕಟ್ಟಬೇಕು ಅಂದಿದ್ದೆ ನಾನು" ಎಂದು ನೆಲ ನೋಡಿದ. ನಾನು ಅವನಿಗೆ ಸಮಾಧಾನ ಹೇಳಲಿಲ್ಲ. ಬಿಚ್ಚದ ಲಕೋಟೆ ಯಾರ ಯಾರ ಮನೆಯಲ್ಲಿದೆ, ಕೈ ಎತ್ತಿ ಅಂದೆ. ಮೊದಲು ಒಬ್ಬರೂ ಎತ್ತಲಿಲ್ಲ. ಆಮೇಲೆ ಒಂದು ಕೈ, ಎರಡು ಕೈ. ಒಟ್ಟು ಏಳು, ಕೊನೆಯದು ಥೊರ್ಕಿಲನದು. ಆರು ವರ್ಷದಿಂದ ಕ್ಯಾನ್ಸರಿಗೆಂದೇ ಪೆಡಲ್ ತುಳಿಯುತ್ತಿರುವ ತಂಡದಲ್ಲಿ ಏಳು ಜನ.

ಇವತ್ತು ಸವಾರಿ ಇಲ್ಲ, ಏಳೂ ಜನ ಮನೆಗೆ ಹೋಗಿ ಲಕೋಟೆ ಬಿಚ್ಚಿ ಎಂದೆ. "ಹೇಳಿದ ತಕ್ಷಣ ಬರುತ್ತಾ ಅದು?" ಎಂದ ಥೊರ್ಕಿಲ್. "ಕಾಫಿ ಕುಡಿ, ಬರುತ್ತೆ" ಎಂದೆ. ಆಗ ಎಲ್ಲರೂ ನಕ್ಕರು, ಕೆಲವರು ಅತ್ತರು. ಉಳಿದವರೂ ಯಾರೂ ಸೈಕಲ್ ಹತ್ತಲಿಲ್ಲ.

ನಿನ್ನ ಗುಟ್ಟು ರಟ್ಟು ಮಾಡಿದ್ದಕ್ಕೆ ಕ್ಷಮೆ ಕೇಳುವುದಿಲ್ಲ. ಎಷ್ಟು ಹರಡಿದೆಯೋ ಹೊಟ್ಟೆ ತೆರೆದ ಮೇಲೆಯೇ ತಿಳಿಯುತ್ತದಂತೆ. ನನಗೆ ಭಯವಾಗಿದೆ ಅಣ್ಣ, ಇಷ್ಟೆಲ್ಲ ಬೈದದ್ದೂ ಆ ಭಯಕ್ಕೇ. ಮಂಗಳವಾರ ನೀನು ಬೇಡವೆಂದರೂ ಬಾಗಿಲ ಹೊರಗೆ ಕೂತಿರುತ್ತೇನೆ. ಎದ್ದು ಬಾ. ಬಂದು ನನ್ನ ಮೇಲೆ ಕೂಗಾಡು. ಮಾತು ಬಿಡುವುದಾದರೆ ಬಿಡು. ನೂರು ವರ್ಷ ಬಾಳು, ನೂರು ವರ್ಷವೂ ನನ್ನ ಜೊತೆ ಮಾತು ಬಿಟ್ಟಿರು.

ನಿನ್ನ ಮೇಲೆ ಸಿಟ್ಟಾಗಿರುವ, ನಿನಗಿರುವ ಒಬ್ಬಳೇ ತಂಗಿ,
ಮೆರೆಟೆ